ಕಡಲು ಮಾರಾಟಕ್ಕಿದ್ದ ಆಟ: ವಿಡಿಯೊ ಗೇಮ್ ವಿಮರ್ಶಕರಿಗೊಂದು ಬಹಿರಂಗ ಪತ್ರ

ಮಾನ್ಯ ವಿಮರ್ಶಕರೇ,

ಪತ್ರಿಕೆಗಳಲ್ಲಿ, ಜಾಲತಾಣಗಳಲ್ಲಿ, ವಿಡಿಯೊ ಚಾನೆಲ್‌ಗಳಲ್ಲಿ ಹೊಸ ಗೇಮ್‌ಗಳ ಗುಣದೋಷಗಳನ್ನು ತೂಗಿ ಹೇಳುವ ನಿಮ್ಮೆಲ್ಲರನ್ನು ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ಸುಮಾರು ಇಪ್ಪತ್ತು ವರ್ಷಗಳಿಂದ ತಂತ್ರದ ಆಟಗಳನ್ನು ಆಡುತ್ತಿರುವ ನನಗೆ, ಅದರಲ್ಲೂ ಇಡೀ ಜಗತ್ತಿನ ಭೂಪಟವನ್ನು ಮುಂದೆ ಹರಡಿ, ಒಂದು ದೇಶವನ್ನು ಕೈಗೆ ಕೊಟ್ಟು, ಇನ್ನು ನಡೆಸಿಕೊಂಡು ಹೋಗಿ ಎನ್ನುವ ಭೂರಾಜಕೀಯದ ಆಟಗಳೆಂದರೆ ಊಟ ನಿದ್ದೆ ಮರೆಯುವಷ್ಟು ಇಷ್ಟ. ಗೇಮ್ ಕೊಳ್ಳುವ ಮುನ್ನ ನಿಮ್ಮ ವಿಮರ್ಶೆಯನ್ನು ಓದುತ್ತೇನೆ, ಆಡಿ ಮುಗಿಸಿದ ಮೇಲೆ ಮತ್ತೊಮ್ಮೆ ಓದುತ್ತೇನೆ. ಈ ಎರಡನೆಯ ಓದಿನಲ್ಲಿ ಹುಟ್ಟಿದ ತಕರಾರೇ ಈ ಪತ್ರಕ್ಕೆ ಕಾರಣ.

ತಕರಾರಿಗೆ ಕಾರಣವಾದ ಗೇಮ್‌ನ ಹೆಸರನ್ನಾಗಲಿ, ಅದನ್ನು ತಯಾರಿಸಿದ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ; ನನ್ನ ಜಗಳ ಅವರಿಗಿಂತ ಹೆಚ್ಚಾಗಿ ನಿಮ್ಮೊಂದಿಗೆ. ಬಿಡುಗಡೆಯಾದ ವಾರ ನೀವೆಲ್ಲ ಸೇರಿ ಅದನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡಿರಿ. ಆಟ ನಡುನಡುವೆ ನಿಂತುಹೋಗುತ್ತದೆ, ಸೇವ್ ಮಾಡಿಟ್ಟದ್ದು ಮರುದಿನ ತೆರೆಯುವುದಿಲ್ಲ, ಪರದೆಯ ಮೇಲಿನ ಅಕ್ಷರಗಳನ್ನು ಓದಲು ಭೂತಗನ್ನಡಿ ಬೇಕು, ಟ್ಯುಟೋರಿಯಲ್ ಅರ್ಧ ದಾರಿಯಲ್ಲಿ ಕೈಬಿಡುತ್ತದೆ ಎಂದೆಲ್ಲ ಬರೆದಿರಿ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಮುಂದಿನ ಆರೇಳು ತಿಂಗಳಲ್ಲಿ ದೋಷ ತಿದ್ದುವ ಪ್ಯಾಚ್‌ಗಳ ಮೇಲೆ ಪ್ಯಾಚ್‌ಗಳು ಬಂದವು, ಆಟ ನಿಂತುಹೋಗುವುದು ನಿಂತಿತು, ಅಕ್ಷರಗಳು ದೊಡ್ಡವಾದವು. ನಿಮ್ಮಲ್ಲಿ ಕೆಲವರು ಹಳೆಯ ವಿಮರ್ಶೆಯ ತಲೆಯ ಮೇಲೆ 'ಈಗ ಸುಧಾರಿಸಿದೆ, ಧೈರ್ಯವಾಗಿ ಕೊಳ್ಳಬಹುದು' ಎಂಬ ಸಾಲೊಂದನ್ನು ಏರಿಸಿದಿರಿ. ನಾನು ಕೊಂಡದ್ದು ಆ ಸಾಲನ್ನು ನಂಬಿ. ಆದರೆ ಆ ಗೇಮ್‌ನ ಮೂಲ ದೋಷ ಬಿಡುಗಡೆಯ ದಿನ ಎಲ್ಲಿತ್ತೋ ಇವತ್ತಿಗೂ ಅಲ್ಲೇ ಇದೆ. ಯಾರೂ ಅದನ್ನು ಎತ್ತಿ ತೋರಿಸಲಿಲ್ಲವಾದ್ದರಿಂದ ತಯಾರಕರಿಗೆ ಅದನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ.

ನಾನು ಆರಿಸಿಕೊಂಡದ್ದು ಬೊಲಿವಿಯಾ. ಅಮೆರಿಕವನ್ನೋ ಚೀನಾವನ್ನೋ ಹಿಡಿದು ಆಡಿದರೆ ಖಜಾನೆಯ ಬಲ, ಸೈನ್ಯದ ಬಲ ಎರಡೂ ಸೇರಿ ಆಟದ ಲೋಪಗಳನ್ನು ಮುಚ್ಚಿಬಿಡುತ್ತವೆ. ಒಳಗಿನ ಲೆಕ್ಕಾಚಾರ ಹೇಗಿದೆಯೆಂದು ತಿಳಿಯಬೇಕಾದರೆ ಬಡದೇಶವೊಂದನ್ನು, ಸಾಧ್ಯವಾದರೆ ಕರಾವಳಿಯಿಲ್ಲದ ದೇಶವನ್ನು ಹಿಡಿಯಬೇಕೆಂಬುದು ನನ್ನ ಹಳೆಯ ಅಭ್ಯಾಸ. ಮೊದಲ ಎರಡು ವರ್ಷ ತೆರಿಗೆ, ರಸ್ತೆ, ಗಣಿ ಎಂದು ಕಳೆದವು. ಮೂರನೆಯ ವರ್ಷ, ರಫ್ತಿಗೆ ಬಂದರು ಬೇಕೆನಿಸಿ, ಚಿಲಿಯೊಂದಿಗೆ ಮಾತುಕತೆಯ ಪರದೆ ತೆರೆದೆ. ಎಡಗಡೆ ನಾನು ಕೊಡುವುದರ ಪಟ್ಟಿ, ಬಲಗಡೆ ನಾನು ಕೇಳುವುದರ ಪಟ್ಟಿ, ನಡುವೆ ಒಂದು ತಕ್ಕಡಿಯ ಚಿತ್ರ. ಬಂದರನ್ನು ಬಳಸುವ ಹಕ್ಕು, ಸರಕು ಸಾಗಿಸುವ ಅನುಮತಿ, ಗುತ್ತಿಗೆ ಇವು ಯಾವುವೂ ಬಲಗಡೆಯ ಪಟ್ಟಿಯಲ್ಲಿರಲಿಲ್ಲ. 'ಪ್ರಾಂತ್ಯ' ಎಂಬುದು ಮಾತ್ರ ಇತ್ತು. ಕುತೂಹಲಕ್ಕೆ ಚಿಲಿಯ ಕರಾವಳಿ ಪ್ರಾಂತ್ಯವಾದ ಆಂಟೊಫಗಾಸ್ಟಾವನ್ನು ಒತ್ತಿದೆ. ಎಡಗಡೆ 3,000 ಕೋಟಿ ಡಾಲರ್ ಇಟ್ಟೆ, ತಕ್ಕಡಿ ಕೆಂಪಾಯಿತು. 4,000 ಕೋಟಿ ಇಟ್ಟೆ, ಆಗಲೂ ಕೆಂಪು. 4,100 ಕೋಟಿ ಇಟ್ಟಾಗ ಹಸಿರಾಯಿತು.

ಅಷ್ಟು ಹಣ ಬೊಲಿವಿಯಾದ ಖಜಾನೆಯಲ್ಲಿ ಎಲ್ಲಿಂದ ಬರಬೇಕು? ಅದಕ್ಕೂ ದಾರಿಯಿತ್ತು. ಒಂದೇ ದಿನ ಮೂರು ಶ್ರೀಮಂತ ದೇಶಗಳಿಂದ ಸಾಲ ಎತ್ತಿದೆ. ಪ್ರತಿಯೊಂದು ದೇಶವೂ ತಾನು ಕೊಟ್ಟ ಸಾಲವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿತ್ತೇ ಹೊರತು ಪಕ್ಕದವರು ಎಷ್ಟು ಕೊಟ್ಟಿದ್ದಾರೆಂದು ನೋಡುತ್ತಿರಲಿಲ್ಲ. ಊರಿನ ಮೂವರು ಲೇವಾದೇವಿಗಾರರು ಒಬ್ಬರ ಮುಖ ಒಬ್ಬರು ನೋಡದೆ ಒಬ್ಬನಿಗೇ ಸಾಲ ಕೊಟ್ಟಂತೆ. ಸಹಿ ಬಿದ್ದ ಮರುದಿನ ಭೂಪಟದಲ್ಲಿ ಕರಾವಳಿಯ ಆ ಪಟ್ಟಿಯ ಬಣ್ಣ ಬದಲಾಗಿತ್ತು. ಅಲ್ಲಿಯ ಜನರ 'ಸಂತೃಪ್ತಿ' ಎಂಬ ಅಂಕ ಕದಲಿರಲಿಲ್ಲ. ಚಿಲಿಗೂ ನನಗೂ ನಡುವಿನ ಸ್ನೇಹ ಮೂರು ಅಂಕ ಏರಿತ್ತು. ಎಲ್ಲಕ್ಕಿಂತ ನನ್ನನ್ನು ದಂಗುಬಡಿಸಿದ್ದು ಚಿಲಿ ಸರ್ಕಾರದ ಜನಪ್ರಿಯತೆ: 51 ಇದ್ದದ್ದು 54 ಆಗಿತ್ತು. ಖಜಾನೆ ತುಂಬಿತಲ್ಲ!

ಈಗ ಭೂಪಟದ ಹೊರಗೆ ನಡೆದದ್ದನ್ನು ನೋಡಿ. ಆಂಟೊಫಗಾಸ್ಟಾ ಒಂದು ಕಾಲಕ್ಕೆ ಬೊಲಿವಿಯಾದ್ದೇ ಆಗಿತ್ತು. 1879ರಲ್ಲಿ ಆರಂಭವಾದ ಪೆಸಿಫಿಕ್ ಯುದ್ಧದಲ್ಲಿ ಅದನ್ನು ಚಿಲಿ ಗೆದ್ದುಕೊಂಡಿತು, 1904ರ ಒಪ್ಪಂದ ಆ ಗೆಲುವಿಗೆ ಮುದ್ರೆ ಒತ್ತಿತು. ಕಡಲು ಕಳೆದುಕೊಂಡು ಶತಮಾನ ದಾಟಿದರೂ ಬೊಲಿವಿಯಾಕ್ಕೆ ನೌಕಾಪಡೆಯೊಂದಿದೆ. ಆ ಪಡೆ ಇಂದಿಗೂ ಟಿಟಿಕಾಕಾ ಸರೋವರದಲ್ಲಿ ಮತ್ತು ನದಿಗಳಲ್ಲಿ ಗಸ್ತು ತಿರುಗುತ್ತದೆ. 1975ರಲ್ಲಿ ಎರಡೂ ದೇಶಗಳ ಸೇನಾಡಳಿತಗಾರರು ಕೂತು ಮಾತಾಡಿದಾಗ, ಚಿಲಿಯ ಅರಿಕಾ ಪಟ್ಟಣದ ಉತ್ತರಕ್ಕೆ ಕಡಲಿನವರೆಗೆ ಒಂದು ಕಿರಿದಾದ ಪಟ್ಟಿಯನ್ನು ಬೊಲಿವಿಯಾಕ್ಕೆ ಬಿಟ್ಟುಕೊಡುವ, ಬದಲಿಗೆ ಅಷ್ಟೇ ನೆಲವನ್ನು ಬೇರೆಡೆ ಪಡೆಯುವ ಪ್ರಸ್ತಾಪ ಬಂದಿತ್ತು. ಆದರೆ ಆ ನೆಲ ಹಿಂದೆ ಪೆರುವಿನದು. ಚಿಲಿ, ಪೆರು ನಡುವಿನ 1929ರ ಒಪ್ಪಂದದ ಪ್ರಕಾರ ಅದನ್ನು ಮೂರನೆಯವರಿಗೆ ಕೊಡಬೇಕಾದರೆ ಪೆರು ಒಪ್ಪಬೇಕು. ಪೆರು ಬೇರೆಯದೇ ಪ್ರಸ್ತಾಪ ಮುಂದಿಟ್ಟಿತು, ಮಾತುಕತೆ ಮುರಿಯಿತು, 1978ರಲ್ಲಿ ಬೊಲಿವಿಯಾ ಚಿಲಿಯೊಂದಿಗಿನ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. 2013ರಲ್ಲಿ ಅದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಕಡಲಿನ ದಾರಿಯ ಬಗ್ಗೆ ಮಾತುಕತೆ ನಡೆಸಲೇಬೇಕೆಂಬ ಕಾನೂನಿನ ಬಾಧ್ಯತೆ ಚಿಲಿಗೆ ಇಲ್ಲವೆಂದು ನ್ಯಾಯಾಲಯ 2018ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಿತು. ಇನ್ನು ಚಿಲಿಯ ಕಡೆಯಿಂದ ನೋಡಿದರೆ, ಜಗತ್ತಿನಲ್ಲಿ ಅತಿ ಹೆಚ್ಚು ತಾಮ್ರ ತೆಗೆಯುವ ಆ ದೇಶದ ಎಸ್ಕಾಂಡಿಡಾ, ಚುಕಿಕಮಾಟಾದಂಥ ದೈತ್ಯ ಗಣಿಗಳಿರುವುದೇ ಆಂಟೊಫಗಾಸ್ಟಾ ಪ್ರಾಂತ್ಯದಲ್ಲಿ. ಅದನ್ನು ಮಾರುವ ಮಾತೆತ್ತಿದ ಅಧ್ಯಕ್ಷ ಅಲ್ಲಿ ಒಂದು ವಾರ ಉಳಿಯಲಾರ.

ದೇಶಗಳು ನೆಲ ಮಾರಿದ್ದೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಮಾರಿವೆ. 1867ರಲ್ಲಿ ರಷ್ಯಾ 72 ಲಕ್ಷ ಡಾಲರಿಗೆ ಅಲಾಸ್ಕಾವನ್ನು ಅಮೆರಿಕಕ್ಕೆ ಮಾರಿತು. ಆದರೆ ಆ ನೆಲ ರಷ್ಯಾದ ರಾಜಧಾನಿಯಿಂದ ಭೂಮಿಯ ಇನ್ನೊಂದು ತುದಿಯಲ್ಲಿತ್ತು, ಯುದ್ಧ ಬಂದರೆ ಬ್ರಿಟಿಷರಿಂದ ಅದನ್ನು ಕಾಪಾಡಿಕೊಳ್ಳುವುದು ಕಷ್ಟವಿತ್ತು, ಅಲ್ಲಿ ನೆಲೆಸಿದ ರಷ್ಯನ್ನರ ಸಂಖ್ಯೆ ತೀರಾ ಕಡಿಮೆಯಿತ್ತು. ಅಲಾಸ್ಕಾ ಏಕೆ ಮಾರಾಟವಾಯಿತು, ಆಂಟೊಫಗಾಸ್ಟಾ ಏಕೆ ಮಾರಾಟವಾಗದು ಎಂಬ ವ್ಯತ್ಯಾಸವೇ ಭೂರಾಜಕೀಯ ಎಂಬ ಪದದ ಅರ್ಥ. ನಾನು ಆಡಿದ ಗೇಮ್‌ಗೆ ಆ ವ್ಯತ್ಯಾಸ ಗೊತ್ತಿಲ್ಲ. ಅದರೊಳಗೆ ನೆನಪು ಎಂಬ ಅಂಶವಿಲ್ಲ, ಮೂರನೆಯ ದೇಶದ ಒಪ್ಪಿಗೆ ಎಂಬ ಅಂಶವಿಲ್ಲ, ಸ್ವಂತ ಜನರ ಸಿಟ್ಟು ಎಂಬ ಅಂಶವಿಲ್ಲ. ಎಲ್ಲ ನೆಲಕ್ಕೂ ಒಂದು ಬೆಲೆ ಇದೆ, ಅಷ್ಟೇ. ಇದನ್ನು ಬಗ್, ಅಂದರೆ ಪ್ರೋಗ್ರಾಮಿನಲ್ಲಿ ನುಸುಳಿದ ತಪ್ಪು, ಎಂದು ಕರೆದು ಕೈತೊಳೆದುಕೊಳ್ಳಲು ಬರುವುದಿಲ್ಲ. ಜಗತ್ತು ಹೀಗೆ ನಡೆಯುತ್ತದೆ ಎಂಬ ಒಂದು ವಾದವನ್ನು ಆಟದ ನಿಯಮಗಳು ಸದ್ದಿಲ್ಲದೆ ಮಂಡಿಸುತ್ತಿವೆ, ಆ ವಾದ ತಪ್ಪು. ಪೆಟ್ಟಿಗೆಯ ಮೇಲೆ 'ನೈಜ ಜಗತ್ತಿನ ಅಂಕಿಅಂಶಗಳು' ಎಂದು ದೊಡ್ಡದಾಗಿ ಬರೆದುಕೊಂಡ ಮೇಲಂತೂ ಅದನ್ನು ಪ್ರಶ್ನಿಸುವ ಹಕ್ಕು ಎಲ್ಲರಿಗೂ ಬರುತ್ತದೆ.

ನಿಮ್ಮ ವಿಮರ್ಶೆಗಳಲ್ಲಿ ಹನ್ನೆರಡನ್ನು ಮತ್ತೆ ತೆರೆದು ಓದಿದೆ. ಮಾತುಕತೆಯ ಪರದೆಯ ಬಗ್ಗೆ ಬರೆದವರು ನಾಲ್ವರು. ಅವರಲ್ಲಿ ಮೂವರು ಗುಂಡಿಗಳ ಜೋಡಣೆಯ ಬಗ್ಗೆ ಬರೆದಿದ್ದರು, ಒಬ್ಬರು ತಕ್ಕಡಿಯ ಚಿತ್ರ ಮುದ್ದಾಗಿದೆ ಎಂದಿದ್ದರು. ಆ ತಕ್ಕಡಿಯಲ್ಲಿ ಏನನ್ನು ಇಟ್ಟರೆ ಏನಾಗುತ್ತದೆಂದು ನೋಡಿದವರು ಒಬ್ಬರೂ ಇಲ್ಲ.

ಇದಕ್ಕೆ ನಿಮ್ಮ ಸೋಮಾರಿತನ ಕಾರಣವೆಂದು ನಾನು ಹೇಳುತ್ತಿಲ್ಲ. ಪ್ರಕಾಶಕರು ವಿಮರ್ಶೆಯ ಪ್ರತಿ ಕಳಿಸುವುದು ಬಿಡುಗಡೆಗೆ ಕೆಲವೇ ದಿನ ಮೊದಲು. ಇಂಥ ಗಂಟೆಗೆ ಮೊದಲು ಬರೆಯಕೂಡದೆಂಬ ಷರತ್ತು ಮೇಲೆ. ಆ ಗಂಟೆ ಬಡಿದ ಕ್ಷಣ ನಿಮ್ಮ ಬರಹ ಸಿದ್ಧವಿಲ್ಲದಿದ್ದರೆ ಓದುಗ ಬೇರೆಯವರ ಬಳಿ ಹೋಗುತ್ತಾನೆ. ಹತ್ತು ಗಂಟೆಯಲ್ಲಿ ಕಥೆ ಮುಗಿಯುವ ಗೇಮ್‌ಗೆ ಈ ಪದ್ಧತಿ ಹೊಂದುತ್ತದೆ. ಐವತ್ತು ಗಂಟೆ ಆಡಿದ ಮೇಲಷ್ಟೇ ತನ್ನ ಮೂಳೆಗಳನ್ನು ತೋರಿಸುವ ಗೇಮ್‌ಗೆ ಹೊಂದುವುದಿಲ್ಲ. ಕೊಳ್ಳುವವನ ಪಾಡು ಇನ್ನೂ ಕಷ್ಟ. ಗೇಮ್ ಮಾರುವ ಜಾಲತಾಣವಾದ ಸ್ಟೀಮ್‌ನ ನಿಯಮದಂತೆ ಹಣ ವಾಪಸ್ ಬೇಕಾದರೆ ಕೊಂಡು 14 ದಿನ ಆಗಿರಬಾರದು, ಆಡಿದ್ದು 2 ಗಂಟೆ ದಾಟಿರಬಾರದು. ಎರಡು ಗಂಟೆಯಲ್ಲಿ ನಾನು ಬೊಲಿವಿಯಾದ ಬಜೆಟ್ ಪುಟವನ್ನೇ ಪೂರ್ತಿ ಓದಿ ಮುಗಿಸಿರಲಿಲ್ಲ. ಆಟ ನಿಂತುಹೋದರೆ ಎರಡು ಗಂಟೆಯೊಳಗೆ ತಿಳಿಯುತ್ತದೆ, ಹಣವೂ ಮರಳುತ್ತದೆ. ಆಟದ ತರ್ಕ ಸೋತಿದ್ದರೆ ತಿಳಿಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಹಾಗಾಗಿಯೇ ಈ ಬಗೆಯ ಗೇಮ್‌ಗಳಲ್ಲಿ ಕೊಳ್ಳುವವನಿಗೆ ನಿಮ್ಮ ಮಾತನ್ನು ಬಿಟ್ಟರೆ ಬೇರೆ ಆಸರೆಯಿಲ್ಲ.

ತಪ್ಪಿರುವ ಗೇಮನ್ನು ಹೇಗೆ ವಿಮರ್ಶಿಸಬಹುದೆಂಬುದಕ್ಕೆ ಹಳೆಯ ಒಂದು ಉದಾಹರಣೆ ಕೊಡುತ್ತೇನೆ. ಕ್ರಿಸ್ ಕ್ರಾಫರ್ಡ್ 1985ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗೆ 'ಬ್ಯಾಲೆನ್ಸ್ ಆಫ್ ಪವರ್' ಎಂಬ ಗೇಮ್ ಮಾಡಿದರು. ಶೀತಲ ಸಮರದ ಕಾಲ. ಆಟಗಾರ ಅಮೆರಿಕದ ಅಧ್ಯಕ್ಷನಾಗಬೇಕು ಇಲ್ಲವೇ ಸೋವಿಯತ್ ನಾಯಕನಾಗಬೇಕು. ಅಣುಯುದ್ಧ ಹತ್ತಿಸದೆ ಎಂಟು ವರ್ಷ ದೇಶದ ಪ್ರತಿಷ್ಠೆಯನ್ನು ಕಾಯಬೇಕು. ಎದುರಾಳಿ ಒಂದು ಸಣ್ಣ ದೇಶಕ್ಕೆ ಸೈನ್ಯ ಕಳಿಸುತ್ತಾನೆ, ನೀವು ಆಕ್ಷೇಪಿಸುತ್ತೀರಿ, ಅವನು ಹಿಂದೆ ಸರಿಯುವುದಿಲ್ಲ, ನೀವು ಇನ್ನೊಂದು ಹೆಜ್ಜೆ ಮುಂದಿಡುತ್ತೀರಿ. ಹೀಗೆ ಏರುತ್ತ ಹೋದಂತೆ ಯಾವ ಮೆಟ್ಟಿಲಿನಲ್ಲಾದರೂ ಅನಾಹುತ ಸಂಭವಿಸಬಹುದು. ಸಂಭವಿಸಿದರೆ ಪರದೆ ಕಪ್ಪಾಗುತ್ತದೆ. ಸೋಲಿಗೆ ಬಹುಮಾನ ಕೊಡುವುದಿಲ್ಲವೆಂದು, ಆದ್ದರಿಂದ ಸ್ಫೋಟದ ಚಿತ್ರವನ್ನೂ ತೋರಿಸುವುದಿಲ್ಲವೆಂದು ಅದು ನೇರವಾಗಿ ಹೇಳುತ್ತದೆ. ಆ ಗೇಮ್‌ಗೂ ದೊಡ್ಡ ದೋಷವಿತ್ತು. ಎರಡು ಮಹಾಶಕ್ತಿಗಳನ್ನು ಬಿಟ್ಟರೆ ಉಳಿದ ದೇಶಗಳಿಗೆ ಸ್ವಂತ ವಿದೇಶನೀತಿಯೇ ಇರಲಿಲ್ಲ. ಅಲಿಪ್ತ ನೀತಿಯನ್ನು ದಶಕಗಳ ಕಾಲ ಹಿಡಿದು ನಡೆದ ದೇಶಗಳೂ ಅಲ್ಲಿ ಯಾರೋ ಒಬ್ಬರು ಎಳೆದುಕೊಳ್ಳಬೇಕಾದ ಚೌಕಗಳು ಮಾತ್ರ.

ಆದರೂ ಆ ದೋಷದ ಬಗ್ಗೆ ಅರ್ಥಪೂರ್ಣ ವಾಗ್ವಾದ ಸಾಧ್ಯವಾಯಿತು. ಕ್ರಾಫರ್ಡ್ ಮರುವರ್ಷವೇ ಒಂದು ಪುಸ್ತಕ ಬರೆದು ತಮ್ಮ ಆಟದ ಸಮೀಕರಣಗಳನ್ನೆಲ್ಲ ಬಿಡಿಸಿಟ್ಟರು: ದಂಗೆಯ ಬಲವನ್ನು ಹೇಗೆ ಲೆಕ್ಕ ಹಾಕಿದ್ದೇನೆ, ಒಂದು ದೇಶ ಬಲಿಷ್ಠ ನೆರೆಯ ಕಡೆಗೆ ವಾಲುವುದನ್ನು ಹೇಗೆ ಅಳೆದಿದ್ದೇನೆ, ಎಲ್ಲಿ ಸರಳಗೊಳಿಸಿದ್ದೇನೆ, ಏಕೆ. ಲೆಕ್ಕ ಬಯಲಿಗಿಟ್ಟವರೊಂದಿಗೆ ಜಗಳವಾಡುವುದೂ ಸುಲಭ. ಕೆಲವು ವರ್ಷಗಳ ನಂತರ ಬಂದ '1990 ಆವೃತ್ತಿ'ಯಲ್ಲಿ ಇತರ ದೇಶಗಳೂ ತಮ್ಮತಮ್ಮಲ್ಲಿ ವ್ಯವಹರಿಸುವ ಬಹುಧ್ರುವೀಯ ಹಂತವನ್ನು ಸೇರಿಸಲಾಯಿತು. ಇಂದಿನ ಪ್ರಕಾಶಕರಲ್ಲಿ ಎಷ್ಟು ಮಂದಿ ತಮ್ಮ ಆಟದ ಅಂಕಿಗಳು ಎಲ್ಲಿಂದ ಬಂದವೆಂದು ಹೇಳುತ್ತಾರೆ? ನೀವು ಕೇಳಿದ್ದೀರಾ?

ಕೇಳದೆ ಹೋದಾಗ ಏನಾಗುತ್ತದೆ ಎಂಬುದಕ್ಕೂ ಒಂದು ಕಥೆಯಿದೆ, ಸ್ವಲ್ಪ ವಿಷಯಾಂತರವೆನಿಸಿದರೂ ಹೇಳಿಬಿಡುತ್ತೇನೆ. ನಾಗರಿಕತೆಯೊಂದನ್ನು ಕಟ್ಟಿ ಬೆಳೆಸುವ 1991ರ 'ಸಿವಿಲೈಸೇಷನ್' ಗೇಮ್‌ನಲ್ಲಿ ಗಾಂಧಿಯ ಆಕ್ರಮಣಶೀಲತೆಗೆ ಕೊಟ್ಟಿದ್ದ ಅಂಕ 1. ಪ್ರಜಾಪ್ರಭುತ್ವ ಬಂದಾಗ ಅದರಿಂದ 2 ಕಳೆದು, ಸೊನ್ನೆಗಿಂತ ಕೆಳಗಿಳಿಯಲಾಗದೆ ಸುತ್ತುಹೊಡೆದು ಗರಿಷ್ಠ ಅಂಕವಾದ 255ಕ್ಕೆ ನೆಗೆಯುತ್ತಿತ್ತು, ಆದ್ದರಿಂದಲೇ ಗಾಂಧಿ ಅಣುಬಾಂಬ್ ಸುರಿಸುತ್ತಿದ್ದರು ಎಂಬ ಕಥೆಯನ್ನು ನೀವೂ ಬರೆದಿದ್ದೀರಿ, ನಾನೂ ನಾಲ್ಕು ಜನರಿಗೆ ಹೇಳಿದ್ದೇನೆ. ಅಂಥ ಬಗ್ ಇರಲೇ ಇಲ್ಲವೆಂದು ಆ ಗೇಮ್ ಮಾಡಿದ ಸಿಡ್ ಮಯರ್ 2020ರಲ್ಲಿ ತಮ್ಮ ನೆನಪುಗಳಲ್ಲಿ ಸ್ಪಷ್ಟಪಡಿಸಿದರು. ಅಷ್ಟು ಹೊತ್ತಿಗೆ ಐದನೆಯ ಆವೃತ್ತಿಯಲ್ಲಿ ತಯಾರಕರೇ ತಮಾಷೆಗೆಂದು ಗಾಂಧಿಯ ಅಣ್ವಸ್ತ್ರದ ಒಲವನ್ನು ಮಿತಿಮೀರಿ ಏರಿಸಿಯೂ ಆಗಿತ್ತು. ಇಲ್ಲದ ದೋಷವೊಂದು ಬಾಯಿಂದ ಬಾಯಿಗೆ ಹರಡಿ ವರ್ಷಗಟ್ಟಲೆ ಬದುಕಿತು. ಇರುವ ದೋಷಗಳು ಯಾರ ಕಣ್ಣಿಗೂ ಬೀಳದೆ ಹಾಗೇ ಇವೆ. ಒಂದು ಸೇವ್ ಫೈಲ್ ತೆರೆದು ಹತ್ತು ಸಲ ಪರೀಕ್ಷಿಸಿದ್ದರೆ ಎರಡೂ ತಿಳಿಯುತ್ತಿತ್ತು.

ಹತ್ತು ಸಲ ಎಂದದ್ದು ಮಾತಿನ ಭರಕ್ಕಲ್ಲ. ನನ್ನ ಗೇಮ್‌ನಲ್ಲಿ ಒಂದೇ ಸೇವ್ ಫೈಲನ್ನು ಹತ್ತು ಸಲ ತೆರೆದು, ನಾನು ಏನನ್ನೂ ಮುಟ್ಟದೆ, ಪ್ರತಿ ಸಲವೂ ಒಂದು ವರ್ಷ ಓಡಲು ಬಿಟ್ಟೆ. ಯಾವ ದೇಶ ಯಾವುದರ ಮೇಲೆ ಯುದ್ಧ ಸಾರುತ್ತದೆಂದು ಕಾಗದದಲ್ಲಿ ಗುರುತು ಹಾಕಿಕೊಂಡೆ. ಯಾವ ಎರಡು ಓಟಗಳ ಪಟ್ಟಿಯೂ ಒಂದೇ ಆಗಿರಲಿಲ್ಲ. ಒಂದರಲ್ಲಿ ಪೋರ್ಚುಗಲ್ ಮಂಗೋಲಿಯಾದ ಮೇಲೆ ಯುದ್ಧ ಸಾರಿತ್ತು. ಪೋರ್ಚುಗಲ್‌ಗೆ ಅಲ್ಲಿ ಏನು ಕೆಲಸ, ಸೈನ್ಯ ಯಾವ ದಾರಿಯಲ್ಲಿ ಹೋಗಬೇಕು ಎಂಬ ಪ್ರಶ್ನೆಗಳು ಆಟಕ್ಕೆ ಬಂದೇ ಇರಲಿಲ್ಲ. ರಾಜ್ಯಶಾಸ್ತ್ರಜ್ಞ ಜೇಮ್ಸ್ ಫಿಯರನ್ 1995ರಲ್ಲಿ ಮಂಡಿಸಿದ ವಾದ ಇಲ್ಲಿ ನೆನಪಾಗುತ್ತದೆ. ಯುದ್ಧ ಇಬ್ಬರಿಗೂ ದುಬಾರಿಯಾದ್ದರಿಂದ ಯುದ್ಧಕ್ಕಿಂತ ಮೇಲಾದ ಒಂದು ರಾಜಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಾಗಿದ್ದೂ ಯುದ್ಧ ನಡೆಯುವುದೇಕೆಂದರೆ ಪ್ರತಿಯೊಬ್ಬರೂ ತಮ್ಮ ನಿಜವಾದ ಬಲವನ್ನೂ ಛಲವನ್ನೂ ಮುಚ್ಚಿಡುತ್ತಾರೆ, ಇಂದು ಕೊಟ್ಟ ಮಾತನ್ನು ನಾಳೆ ಉಳಿಸಿಕೊಳ್ಳುತ್ತಾರೆಂಬ ನಂಬಿಕೆ ಇರುವುದಿಲ್ಲ, ಕೆಲವು ವಸ್ತುಗಳನ್ನು ಹಂಚಿಕೊಳ್ಳಲು ಬರುವುದಿಲ್ಲ. ನನ್ನ ಗೇಮ್‌ನಲ್ಲಿ ಪ್ರತಿ ದೇಶಕ್ಕೂ ಪ್ರತಿ ದೇಶದ ಕೊನೆಯ ಸೈನಿಕನವರೆಗಿನ ಲೆಕ್ಕ ಗೊತ್ತು. ಬಚ್ಚಿಡುವುದಕ್ಕೆ ಏನೂ ಇಲ್ಲ. ಬೆಳಗ್ಗೆ ಸಹಿ ಮಾಡಿದ ಮೈತ್ರಿಯನ್ನು ಸಂಜೆ ಮುರಿದರೆ ತೆರಬೇಕಾದದ್ದು ಐದು ಅಂಕ. ಹೀಗಿರುವಾಗ ಯುದ್ಧಕ್ಕೆ ಕಾರಣವೇ ಉಳಿಯುವುದಿಲ್ಲ, ಆದ್ದರಿಂದ ಆಟ ದಾಳ ಉರುಳಿಸುತ್ತದೆ. ಇದನ್ನು ನೀವು 'ಎಐ ಸ್ವಲ್ಪ ಅನಿರೀಕ್ಷಿತವಾಗಿ ವರ್ತಿಸುತ್ತದೆ' ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅನಿರೀಕ್ಷಿತ ಎಂಬುದು ಹೊಗಳಿಕೆಯೋ ದೂರೋ ಎಂದೂ ತಿಳಿಯಲಿಲ್ಲ.

ಆಟವೆಂದರೆ ಆಟ, ಅದರಲ್ಲಿ ವಾಸ್ತವವನ್ನು ಹುಡುಕುವುದೇಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ನಾನು ಕೇಳುತ್ತಿರುವುದು ಹೆಚ್ಚು ಅಂಕಿಅಂಶಗಳನ್ನಲ್ಲ. 1959ರಲ್ಲಿ ಅಲನ್ ಕ್ಯಾಲಮರ್ ಹೊರತಂದ 'ಡಿಪ್ಲೊಮಸಿ' ಎಂಬ ಬೋರ್ಡ್ ಆಟವನ್ನೇ ತೆಗೆದುಕೊಳ್ಳಿ. 1901ರ ಯುರೋಪು, ಏಳು ಶಕ್ತಿಗಳು, 34 ಸರಬರಾಜು ಕೇಂದ್ರಗಳು. ದಾಳವಿಲ್ಲ, ಜನಸಂಖ್ಯೆಯಿಲ್ಲ, ತೆರಿಗೆಯಿಲ್ಲ. ಯಾರ ನೆರವೂ ಇಲ್ಲದೆ ಸಮಬಲದ ಸೇನೆಯನ್ನು ಕದಲಿಸಲಾಗದು ಎಂಬ ಒಂದೇ ನಿಯಮದಿಂದ ಮಾತುಕತೆ, ಮೈತ್ರಿ, ದ್ರೋಹ ಎಲ್ಲವೂ ಹುಟ್ಟಿಕೊಳ್ಳುತ್ತವೆ. ಎಲ್ಲರೂ ತಮ್ಮ ಆಜ್ಞೆಗಳನ್ನು ಗುಟ್ಟಾಗಿ ಬರೆದು ಒಟ್ಟಿಗೆ ತೆರೆಯುವುದರಿಂದ ಕೊಟ್ಟ ಮಾತಿಗೂ ಮಾಡಿದ ಕೆಲಸಕ್ಕೂ ನಡುವಿನ ಅಂತರ ಕಣ್ಣೆದುರೇ ಬಯಲಾಗುತ್ತದೆ. ಅಂಕಿಅಂಶಗಳ ರಾಶಿಯನ್ನೇ ಹೊತ್ತ ನನ್ನ ಗೇಮ್‌ಗಿಂತ ಆ ಬರಿಯ ಹಲಗೆ ಸತ್ಯಕ್ಕೆ ಹೆಚ್ಚು ಹತ್ತಿರವಿದೆ. ವಿಮರ್ಶೆಯಲ್ಲಿ 'ನೂರೊಂಬತ್ತು ಅಂಶಗಳನ್ನು ನಿಯಂತ್ರಿಸಬಹುದು' ಎಂದು ಮೆಚ್ಚಿ ಬರೆಯುವ ಮುನ್ನ, ಆ ಅಂಶಗಳು ಒಂದರ ಮೇಲೊಂದು ಪರಿಣಾಮ ಬೀರುತ್ತವೆಯೇ ಎಂದು ಒಂದು ಸಲ ತಿರುಗಿಸಿ ನೋಡಬೇಕಿತ್ತು.

2022ರ ಅಕ್ಟೋಬರ್ ತಿಂಗಳನ್ನು ನೆನಪಿಸಿಕೊಳ್ಳಿ. 7ರಂದು 'ಸೂಪರ್ ಪವರ್ 3' ಎಂಬ ಭೂರಾಜಕೀಯದ ಗೇಮ್ ಬಂತು; 2004ರ ಎರಡನೆಯ ಭಾಗದ ಅಭಿಮಾನಿಗಳು ಹದಿನೆಂಟು ವರ್ಷ ಕಾದಿದ್ದ ಗೇಮ್ ಅದು. ಸ್ಟೀಮ್‌ನಲ್ಲಿ ಆಟಗಾರರು ಅದನ್ನು ಬಹುಪಾಲು ತಿರಸ್ಕರಿಸಿದರು. ಅದೇ ತಿಂಗಳ 25ರಂದು ಅದೇ ಬಗೆಯ 'ವಿಕ್ಟೋರಿಯಾ 3' ಬಂತು. ವಿಮರ್ಶಕರು ಒಳ್ಳೆಯ ಅಂಕ ಕೊಟ್ಟರು, ಆಟಗಾರರ ಅಭಿಪ್ರಾಯ ಇಬ್ಭಾಗವಾಯಿತು. ಎರಡನೆಯದರ ಬಗ್ಗೆ ನಡೆದ ಚರ್ಚೆ ನೋಡಿ: ಸೇನೆಯನ್ನು ಆಟಗಾರನೇ ನಡೆಸದೆ ಸೇನಾಪತಿಗಳನ್ನು ರಣರಂಗಕ್ಕೆ ಹಂಚಿ ಕೂರುವ ವ್ಯವಸ್ಥೆ ಸರಿಯೇ, ಗೆದ್ದ ಮೇಲೂ ರಣರಂಗಗಳು ಒಡೆದು ಸೇನೆಗಳು ಎಲ್ಲೆಲ್ಲೋ ಹೋಗಿಬಿಡುವುದೇಕೆ ಎಂದು ಜನ ಒಂದೊಂದು ನಿಯಮವನ್ನೂ ಹಿಡಿದು ಜಗ್ಗಾಡಿದರು. ಮೊದಲನೆಯದಕ್ಕೆ ಸಿಕ್ಕಿದ್ದು ಹೆಚ್ಚಾಗಿ ಬೈಗುಳ. ಬೈಗುಳ ತಿನ್ನಲು ಅರ್ಹವೇ ಇರಬಹುದು, ಆದರೆ ಬೈಗುಳದಿಂದ ಯಾವ ನಿಯಮವೂ ದುರಸ್ತಿಯಾಗುವುದಿಲ್ಲ.

ಖಚಿತವಾದ ಟೀಕೆಯಿಂದ ದುರಸ್ತಿ ಆಗುತ್ತದೆ ಎಂಬುದಕ್ಕೆ ಪ್ರಾಚೀನ ರೋಮ್ ಕಾಲದ ತಂತ್ರದ ಗೇಮ್ 'ಇಂಪರೇಟರ್: ರೋಮ್' ಸಾಕ್ಷಿ. 2019ರ ಏಪ್ರಿಲ್ 25ರಂದು ಅದು ಬಂದಾಗ ವಿಮರ್ಶಕರು ಬಹುಮಟ್ಟಿಗೆ ಮೆಚ್ಚಿದರು, ಆಟಗಾರರು ಮುಖ ಸಿಂಡರಿಸಿದರು. ಅವರ ದೂರು ತೀರಾ ಸ್ಪಷ್ಟವಾಗಿತ್ತು: ತಿಂಗಳು ತಿಂಗಳು ತಾನಾಗಿ ಸೇರುವ 'ಶಕ್ತಿ'ಯ ಅಂಕಗಳನ್ನು ಖರ್ಚು ಮಾಡಿ ಒಂದು ಗುಂಡಿ ಒತ್ತಿದರೆ ಊರಿನ ಒಂದು ಗುಂಪಿನ ಜನ ಆ ಕ್ಷಣವೇ ಧರ್ಮ ಬದಲಾಯಿಸುವುದಾದರೆ ಅದು ರಾಜ್ಯಭಾರವಲ್ಲ, ಮಂತ್ರವಿದ್ಯೆ. ಆಟಗಾರರು ಅದಕ್ಕೆ, ಗೇಮ್‌ಗಳಲ್ಲಿ ಮಾಂತ್ರಿಕ ಶಕ್ತಿಗಿರುವ ಹೆಸರಾದ 'ಮಾನಾ' ಎಂದೇ ಹೆಸರಿಟ್ಟು ಬೆನ್ನು ಹತ್ತಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ 1.2 ಆವೃತ್ತಿ ಆ ವ್ಯವಸ್ಥೆಯನ್ನೇ ಕಿತ್ತುಹಾಕಿತು. 2021ರ ಫೆಬ್ರುವರಿಯ 2.0 ಆವೃತ್ತಿ ಆಟದ ಬಹುಭಾಗವನ್ನು ಹೊಸದಾಗಿ ಕಟ್ಟಿತು. ಎರಡೇ ತಿಂಗಳಲ್ಲಿ, ಏಪ್ರಿಲ್‌ನಲ್ಲಿ, ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಪ್ರಕಾಶಕರು ಘೋಷಿಸಿದರು. ಅಷ್ಟರಲ್ಲಿ ಜನ ಚದುರಿಹೋಗಿದ್ದರು. ಆಟಗಾರರು ಮೊದಲ ವಾರವೇ ಕಂಡದ್ದನ್ನು ವಿಮರ್ಶಕರು ಬಿಡುಗಡೆಗೆ ಮುನ್ನವೇ ಕಂಡು ಬರೆದಿದ್ದರೆ ಆ ಗೇಮ್ ಬದುಕುತ್ತಿತ್ತೇ ಎಂದು ನನಗೆ ಆಗಾಗ ಅನಿಸುತ್ತದೆ.

ಸರ್ಕಾರಗಳೂ ಈ ಗೇಮ್‌ಗಳನ್ನು ವಿಮರ್ಶಿಸುತ್ತವೆ, ತಮ್ಮದೇ ರೀತಿಯಲ್ಲಿ. 2004ರಲ್ಲಿ ಚೀನಾದ ಸಂಸ್ಕೃತಿ ಸಚಿವಾಲಯ ಎರಡನೆಯ ಮಹಾಯುದ್ಧದ ಕಾಲದ 'ಹಾರ್ಟ್ಸ್ ಆಫ್ ಐರನ್' ಗೇಮನ್ನು ನಿಷೇಧಿಸಿತು. ಟಿಬೆಟ್, ಮಂಚೂರಿಯಾಗಳನ್ನು ಸ್ವತಂತ್ರ ದೇಶಗಳೆಂದು, ತೈವಾನನ್ನು ಜಪಾನಿನ ಭಾಗವೆಂದು ತೋರಿಸಿದ್ದು ಅಪರಾಧವಾಗಿತ್ತು. ಗೇಮ್ ನಡೆಯುವ ಕಾಲದಲ್ಲಿ ತೈವಾನ್ ಜಪಾನಿನ ಆಳ್ವಿಕೆಯಲ್ಲಿದ್ದದ್ದು ಇತಿಹಾಸ. ಸೆನ್ಸಾರಿನವನಿಗೆ ಭೂಪಟದ ಬಣ್ಣ ಮಾತ್ರ ಕಾಣುತ್ತದೆ. ನಿಮಗೆ ಬಣ್ಣದ ಹಿಂದಿನ ಲೆಕ್ಕ ಕಾಣಬೇಕೆಂಬುದು ನನ್ನ ನಿರೀಕ್ಷೆ.

ಹಾಗಾದರೆ ನಿಮ್ಮಿಂದ ನಾನು ಬಯಸುವುದೇನು ಎಂದರೆ, ಮೊದಲ ವಾರದ ಬರಹವನ್ನು ಮೊದಲ ವಾರದ ಬರಹವೆಂದೇ ಕರೆಯಿರಿ; ಎಷ್ಟು ಗಂಟೆ ಆಡಿದಿರಿ, ಯಾವ ಆವೃತ್ತಿ, ಯಾವ ದೇಶ ಎಂಬ ಮೂರು ಸಂಗತಿಗಳನ್ನು ತಲೆಬರಹದ ಕೆಳಗೆ ಹಾಕಿ. ಅಂಕ ಕೊಡುವುದನ್ನು ಒಂದು ತಿಂಗಳು ಮುಂದೂಡಲು ಸಾಧ್ಯವಾದರೆ ಮುಂದೂಡಿ. ಒಂದು ದೊಡ್ಡ ದೇಶವನ್ನು ಆಡಿದವರು ಒಂದು ದುರ್ಬಲ ದೇಶವನ್ನೂ ಆಡಿ, ಮಾತುಕತೆಯ ಪರದೆಯಲ್ಲಿ ಯಾವ ಸರ್ಕಾರವೂ ಒಪ್ಪಲಾರದ ಒಂದು ಬೇಡಿಕೆಯನ್ನು ಇಟ್ಟು ನೋಡಿ. ಅದು ಒಪ್ಪಿಗೆಯಾದರೆ ಅಷ್ಟನ್ನೇ ಒಂದು ಪ್ಯಾರಾದಲ್ಲಿ ಬರೆದರೂ ಸಾಕು, ಓದುಗನಿಗೆ ಉಳಿದದ್ದು ಅರ್ಥವಾಗುತ್ತದೆ. ಪ್ರಕಾಶಕರ ಸಂದರ್ಶನ ಮಾಡುವಾಗ ಮುಂದಿನ ಡಿಎಲ್‌ಸಿ (ಗೇಮ್‌ಗೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಯಾವಾಗ ಎಂದು ಕೇಳುವ ಜಾಗದಲ್ಲಿ ಒಂದು ದೇಶ ಇನ್ನೊಂದನ್ನು ನಂಬುವುದನ್ನು ನಿಮ್ಮ ಆಟ ಹೇಗೆ ಅಳೆಯುತ್ತದೆ ಎಂದು ಕೇಳಿ. ಪ್ಯಾಚ್ ಬಂದ ಮೇಲೆ 'ಸುಧಾರಿಸಿದೆ' ಎಂದು ಬರೆಯುವವರು ಏನು ಸುಧಾರಿಸಿದೆ, ಏನು ಹಾಗೇ ಉಳಿದಿದೆ ಎಂಬ ಎರಡನ್ನೂ ಹೇಳಿ. ಹಳೆಯ ಬರಹವನ್ನು ಅಳಿಸಬೇಡಿ.

ನನ್ನ ಬೊಲಿವಿಯಾದ ಸೇವ್ ಫೈಲ್ ಇನ್ನೂ ಇದೆ. ಪರೀಕ್ಷಿಸಿ ನೋಡಬೇಕೆಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ ಕಳಿಸಿಕೊಡುತ್ತೇನೆ. ಆಟವನ್ನು ಮಾರ್ಚ್ 23ರ ದಿನಾಂಕದಲ್ಲಿ ನಿಲ್ಲಿಸಿಟ್ಟಿದ್ದೇನೆ. ಕಳೆದುಕೊಂಡ ಕರಾವಳಿಯ ನೆನಪಿಗೆ ಬೊಲಿವಿಯಾದವರು ಪ್ರತಿ ವರ್ಷ ಕಡಲ ದಿನ ಆಚರಿಸುವುದು ಅಂದು. ಗೇಮ್‌ನ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದೇ ಒಂದು ಸೂಚನೆಯಿದೆ: ಮೂರನೆಯ ಸಾಲದ ಕಂತು ಕಟ್ಟಬೇಕು.

ಇಂತಿ,
ನಿಮ್ಮ ವಿಮರ್ಶೆಗಳನ್ನು ಎರಡೆರಡು ಸಲ ಓದುವ ಒಬ್ಬ ಆಟಗಾರ